ಗೋಲ್ಡನ್ ಬ್ಯಾರಲ್ ಕಳ್ಳಿಯನ್ನು ಮಳೆಗಾಲ ದಾಟಿಸುವುದು

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಗಿಡದ ಬಗ್ಗೆ ಮಾತಾಡುತ್ತೇನೆ. ಗೋಲ್ಡನ್ ಬ್ಯಾರಲ್ ಕ್ಯಾಕ್ಟಸ್. ನರ್ಸರಿಯಲ್ಲಿ ಗುಂಡಗೆ, ಮೈತುಂಬ ಹಳದಿ ಮುಳ್ಳು ಹೊತ್ತು ಕೂತಿರುತ್ತದಲ್ಲ, ಅದು. ನಿಮ್ಮಲ್ಲಿ ಎಷ್ಟೋ ಜನ ಆಸೆಪಟ್ಟು ತಂದಿರುತ್ತೀರಿ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಬುಡದಿಂದ ಮೆತ್ತಗಾಗಿ ಒಂದು ಕಡೆ ವಾಲಿರುತ್ತದೆ. ನಮ್ಮಲ್ಲಿ ಈ ಗಿಡ ಒಣಗಿ ಸಾಯುವುದು ಕಡಿಮೆ, ಕೊಳೆತು ಸಾಯುವುದೇ ಜಾಸ್ತಿ.

ಯಾಕೆ ಅಂತ ತಿಳಿಯಬೇಕಾದರೆ ಅದರ ತವರನ್ನು ನೋಡಬೇಕು. ಮಧ್ಯ ಮೆಕ್ಸಿಕೋದಲ್ಲಿ, ಕ್ವೆರೆತಾರೊ ಮತ್ತು ಇಡಾಲ್ಗೊ ರಾಜ್ಯಗಳ ಗಡಿಯಲ್ಲಿ ಮೊಕ್ತೆಸುಮಾ ನದಿಯ ಕಣಿವೆ ಇದೆ. ಅಲ್ಲಿನ ಕಡಿದಾದ ಇಳಿಜಾರಿನಲ್ಲಿ, ಕಲ್ಲುಗಳ ಸಂದಿಯಲ್ಲಿ ಇದು ಬೆಳೆಯುತ್ತದೆ. ಅಲ್ಲೂ ಮಳೆ ಬರುತ್ತದೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಚಳಿಗಾಲ ಒಣ. ನಮ್ಮ ಬಯಲುಸೀಮೆಯ ಲೆಕ್ಕಕ್ಕೆ ಹತ್ತಿರವೇ, ಅಲ್ವಾ? ಅಂದರೆ ನೀರು ಕಂಡರೆ ಆಗದ ಗಿಡವೇನಲ್ಲ ಇದು. ಅಲ್ಲಿ ಬಿದ್ದ ನೀರು ಕ್ಷಣ ನಿಲ್ಲದೆ ಹರಿದುಹೋಗುತ್ತದೆ, ಅಷ್ಟೇ ವ್ಯತ್ಯಾಸ.

1990ರ ದಶಕದಲ್ಲಿ ಅದೇ ಕಣಿವೆಯಲ್ಲಿ ಜಿಮಪಾನ್ ಅಣೆಕಟ್ಟು ಕಟ್ಟಿದರು. ಗಿಡಗಳಿದ್ದ ಇಳಿಜಾರುಗಳು ಮುಳುಗಿದವು. ಜೊತೆಗೆ ಕದ್ದು ಕಿತ್ತು ಮಾರುವವರ ಕಾಟ. ಲೋಕದ ತೋಟಗಳಲ್ಲೆಲ್ಲ ಇರುವ ಈ ಕಳ್ಳಿ ತನ್ನ ತವರಲ್ಲಿ ಅಳಿವಿನ ಅಂಚಿನಲ್ಲಿದೆ. ನರ್ಸರಿಯವರು ಬೀಜದಿಂದ ಬೆಳೆಸಿದ್ದನ್ನೇ ಕೊಳ್ಳಿ. ನನಗೆ ಇದು ತುಂಬ ಮುಖ್ಯದ ಮಾತು.

ಈಗ ಮಣ್ಣಿಗೆ ಬರೋಣ. ನರ್ಸರಿಯಿಂದ ಬರುವಾಗ ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿ ಇರುತ್ತದೆ. ಅದು ದಿನಗಟ್ಟಲೆ ತೇವ ಹಿಡಿಯುತ್ತದೆ. ಬೇರಿನಿಂದ ಅದನ್ನು ಮೆಲ್ಲಗೆ ಉದುರಿಸಿಬಿಡಿ. ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು, ಸಣ್ಣ ಜಲ್ಲಿ, ಇಟ್ಟಿಗೆ ಚೂರು. ಉಳಿದದ್ದು ಕೆಂಪು ಮಣ್ಣು, ಒಂದು ಹಿಡಿ ಹಳೆಯ ಗೊಬ್ಬರ. ಮಣ್ಣಿನ ಕುಂಡವೇ ಒಳ್ಳೆಯದು, ತಳದಲ್ಲಿ ತೂತು ಇರಲೇಬೇಕು, ಕೆಳಗೆ ತಟ್ಟೆ ಬೇಡ. ನೆಲದಲ್ಲಿ ನೆಡುವವರು ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮಲೆನಾಡು, ಕರಾವಳಿಯವರು ಕುಂಡದಲ್ಲೇ ಇಟ್ಟುಕೊಳ್ಳಿ. ಜೂನ್ ಬರುವಾಗ ಬೆಳಕು ಬೀಳುವ ಪಾರದರ್ಶಕ ಶೀಟಿನ ಕೆಳಗೆ ಸರಿಸಿ.

ಅದರ ಮೈಮೇಲಿನ ಏಣುಗಳನ್ನು ಗಮನಿಸಿದ್ದೀರಾ? ನೀರು ಕುಡಿದಾಗ ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಳ್ಳುತ್ತವೆ, ಬರ ಬಂದಾಗ ಮಡಚಿಕೊಳ್ಳುತ್ತವೆ. ಹಗಲಿನ ಬಿಸಿಗೆ ನೀರು ಆವಿಯಾಗದಿರಲೆಂದು ಇದು ರಾತ್ರಿ ಹೊತ್ತು ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಇಷ್ಟು ಜೋಪಾನವಾಗಿ ನೀರು ಕೂಡಿಡುವ ಗಿಡಕ್ಕೆ ನಾವು ದಿನಾ ಬೆಳಿಗ್ಗೆ ಒಂದು ಚೊಂಬು ಸುರಿಯುವುದು ಬೇಡ. ಒಂದು ಕಡ್ಡಿ ಚುಚ್ಚಿ ನೋಡಿ. ಆಳದವರೆಗೂ ಒಣಗಿದ್ದರೆ ಮಾತ್ರ, ತಳದಿಂದ ಹರಿಯುವಷ್ಟು ಹಾಕಿ. ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೊಮ್ಮೆ ಹಾಕಿದರೂ ಹೆಚ್ಚೇ.

ಬಿಸಿಲು ಬೇಕು, ಆದರೆ ಒಮ್ಮೆಲೇ ಅಲ್ಲ. ನೆರಳು ಪರದೆಯಡಿ ಬೆಳೆದ ಗಿಡವನ್ನು ಏಪ್ರಿಲ್ ಬಿಸಿಲಿಗೆ ಸುಮ್ನೆ ಎತ್ತಿಟ್ಟರೆ ಮೈ ಸುಟ್ಟು ಕಂದು ಕಲೆ ಬೀಳುತ್ತದೆ, ಆ ಕಲೆ ಹೋಗುವುದಿಲ್ಲ. ಮೊದಲು ಬೆಳಗಿನ ಬಿಸಿಲು, ಆಮೇಲೆ ಹೆಚ್ಚಿಸುತ್ತಾ ಹೋಗಿ. ಜಾಗ ಬದಲಿಸುವಾಗ ದಕ್ಷಿಣಕ್ಕಿದ್ದ ಮೈ ದಕ್ಷಿಣಕ್ಕೇ ಇರಲಿ.

ನೆತ್ತಿಯ ಹತ್ತಿಯಂಥ ನಾರಿನಲ್ಲಿ ಹಿಟ್ಟು ತಿಗಣೆ ಅಡಗುತ್ತದೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಸಂಜೆ ಹೊತ್ತು ಒರೆಸಿ. ಹೂವಿನ ವಿಷಯ ತುಂಬ ಜನ ಕೇಳುತ್ತೀರಿ. ನೆತ್ತಿಯ ಸುತ್ತ ಸಣ್ಣ ಹಳದಿ ಹೂ ಬಿಡುತ್ತದೆ, ಆದರೆ ಅದಕ್ಕೆ ಸುಮಾರು 20 ವರ್ಷ ಬೇಕು. ಗೊಬ್ಬರ ಸುರಿದು ಅವಸರ ಮಾಡಬೇಡಿ.

ಕುಂಡ ಬದಲಿಸುವುದಾದರೆ ಗೋಣಿಚೀಲ ಸುತ್ತಿ ಎತ್ತಿ, ಬೇರಿನ ಗಾಯ ಒಣಗಲು ಒಂದು ವಾರ ನೀರು ಕೊಡಬೇಡಿ. ಬುಡ ಮೆತ್ತಗಾದ ಗಿಡ ತಂದಿರುವವರು ಈಗ ಮುಂದೆ ಬನ್ನಿ. ಕೊಳೆತ ಎಲ್ಲಿವರೆಗೆ ಏರಿದೆ ಅಂತ ಕೊಯ್ದು ನೋಡೋಣ.