ಸಂಕೋಚಪಟ್ಟು ಮುಂದೂಡಬೇಡಿ: ಕೆಳಗಿನ ಕರುಳಿನ ಪರೀಕ್ಷೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಎಂಡೋಸ್ಕೋಪಿ, ಅಂದರೆ ಕೊಳವೆ ಬಿಟ್ಟು ದೇಹದೊಳಗೆ ನೋಡುವ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುವ ನರ್ಸ್. ಪರೀಕ್ಷೆಗೆ ಬಂದವರು ಮೇಜಿನ ಮೇಲೆ ಮಲಗುವಾಗ ನನ್ನ ಕೈ ಹಿಡಿದು, "ಸಿಸ್ಟರ್, ತುಂಬಾ ನೋಯುತ್ತಾ?" ಅಂತ ಕೇಳುತ್ತಾರೆ. ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಳ್ಳುವುದು ನಾಚಿಕೆಯನ್ನು. ಎರಡರ ಬಗ್ಗೆಯೂ ಇವತ್ತು ಬಿಡಿಸಿ ಹೇಳುತ್ತೇನೆ.

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರುವ ಮಾತು ಪೈಲ್ಸ್. ಉಷ್ಣ ಆಗಿದೆ ಅಂತ ಮಜ್ಜಿಗೆ, ಎಳನೀರು ಕುಡಿದು ತಿಂಗಳುಗಟ್ಟಲೆ ತಳ್ಳುತ್ತಾರೆ. ಬಹಳ ಸಲ ಅದು ಮೂಲವ್ಯಾಧಿಯೇ, ನಿಜ. ಆದರೆ ಕರುಳಿನ ಹುಣ್ಣು, ಪಾಲಿಪ್ ಎನ್ನುವ ಸಣ್ಣ ಗಂಟು, ಕ್ಯಾನ್ಸರ್ ಇದ್ದರೂ ಹೀಗೇ ರಕ್ತ ಬರಬಹುದು. ಯಾವುದು ಅಂತ ತಿಳಿಯಲು ಒಳಗೆ ನೋಡಬೇಕು.

ಅದಕ್ಕೇ ಸಿಗ್ಮಾಯ್ಡೋಸ್ಕೋಪಿ. ಬೆರಳು ದಪ್ಪದ, ಬಾಗುವ ಕೊಳವೆ. ಉದ್ದ ಸುಮಾರು 60 ಸೆಂಟಿಮೀಟರ್. ತುದಿಯಲ್ಲಿ ದೀಪ, ಕ್ಯಾಮೆರಾ. ಮಲದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳಿನ ಕೊನೆಯ ಭಾಗ ನೋಡುತ್ತಾರೆ. ಬಲಗಡೆಯ ಕರುಳು ಇದರಲ್ಲಿ ಕಾಣುವುದಿಲ್ಲ. ಹಾಗಾಗಿ ರಿಪೋರ್ಟು ಚೆನ್ನಾಗಿದ್ದೂ ತೊಂದರೆ ನಿಲ್ಲದಿದ್ದರೆ, ಪೂರ್ತಿ ನೋಡುವ ಕೊಲೊನೋಸ್ಕೋಪಿ ಬೇಕಾ ಅಂತ ಡಾಕ್ಟರನ್ನು ಕೇಳಿ.

ತಯಾರಿಗೆ ಸಾಮಾನ್ಯವಾಗಿ ಎನಿಮಾ ಸಾಕು, ಅಂದರೆ ಮಲದ್ವಾರದಿಂದ ದ್ರವ ಬಿಟ್ಟು ಕರುಳು ಖಾಲಿ ಮಾಡಿಸುವುದು. ಕೊಟ್ಟ ಮೇಲೆ ಹೇಳಿದಷ್ಟು ಹೊತ್ತು ದಯವಿಟ್ಟು ತಡೆದುಕೊಳ್ಳಿ. ತಕ್ಷಣ ಎದ್ದು ಓಡಿದರೆ ಬರೀ ನೀರು ಹೋಗುತ್ತದೆ, ಮಲ ಅಲ್ಲೇ ಉಳಿಯುತ್ತದೆ. ಆಗ ಸಣ್ಣ ಗಂಟು ಕಣ್ತಪ್ಪಬಹುದು. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಮುಂಚೆಯೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಕೋಣೆಯೊಳಗೆ ಎಡಮಗ್ಗುಲಾಗಿ ಮಲಗಿ ಮೊಣಕಾಲು ಮಡಚಿಕೊಳ್ಳಬೇಕು. ಮೇಲೆ ಹೊದಿಕೆ ಇರುತ್ತದೆ, ಬೇಕಾದಷ್ಟು ಜಾಗ ಮಾತ್ರ ಸರಿಸುತ್ತೇವೆ. ಮೊದಲು ಡಾಕ್ಟರು ಜೆಲ್ ಹಚ್ಚಿದ ಬೆರಳಿನಿಂದ ಪರೀಕ್ಷಿಸುತ್ತಾರೆ, ಆಮೇಲೆ ಕೊಳವೆ. ಕರುಳು ಅರಳಲಿ ಅಂತ ಗಾಳಿ ಬಿಟ್ಟಾಗ ಹೊಟ್ಟೆ ಉಬ್ಬರಿಸಿ ಹಿಂಡಿದ ಹಾಗಾಗುತ್ತದೆ, ಕಕ್ಕಸಿಗೆ ಅವಸರವಾದ ಹಾಗೂ ಅನಿಸುತ್ತದೆ. ಎಷ್ಟೋ ಜನ ಆಗ ಗಾಬರಿಯಾಗಿ ಮೈ ಬಿಗಿ ಹಿಡಿಯುತ್ತಾರೆ. ಅದು ಆ ಗಾಳಿಯ ಒತ್ತಡ, ಅಷ್ಟೆ. ಗ್ಯಾಸ್ ಹೋಗುತ್ತಿದ್ದರೆ ತಡೆಯಬೇಡಿ, ದಿನಾ ಅದನ್ನೇ ನೋಡುವವರು ನಾವು. ಬಾಯಿಂದ ನಿಧಾನವಾಗಿ ಉಸಿರು ಬಿಡಿ. ನೋವು ಜಾಸ್ತಿಯಾದರೆ "ಸ್ವಲ್ಪ ನಿಲ್ಲಿಸಿ" ಅನ್ನಿ, ನಿಲ್ಲಿಸುತ್ತಾರೆ. ಹೆಚ್ಚೆಂದರೆ 20 ನಿಮಿಷದ ಕೆಲಸ. ಹೆಣ್ಣುಮಕ್ಕಳು ಜೊತೆಗೆ ಮಹಿಳಾ ಸಿಬ್ಬಂದಿ ಇರಲಿ ಅಂತ ಕೇಳಬಹುದು, ಕೇಳಿ.

ಅನುಮಾನ ಬಂದ ಕಡೆ ಚಿಟಿಕೆಯಷ್ಟು ಚೂರು ತೆಗೆಯುತ್ತಾರೆ. ಅದು ಬಯಾಪ್ಸಿ. ತೆಗೆದದ್ದು ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಅಂತ ಅಳುವವರನ್ನು ನೋಡಿದ್ದೇನೆ. ಬರೀ ಊತ ಇದ್ದರೂ ಚೂರು ತೆಗೆಯುತ್ತಾರಮ್ಮ, ರಿಪೋರ್ಟು ಬರುವವರೆಗೆ ಸುಮ್ನೆ ಮನಸ್ಸು ಕೆಡಿಸಿಕೊಳ್ಳಬೇಡಿ.

ನಿದ್ದೆಯ ಇಂಜೆಕ್ಷನ್ ಕೊಡದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮನೆಗೆ ಹೋಗಬಹುದು, ಇಡ್ಲಿ ತಿನ್ನಬಹುದು. ಕೊಟ್ಟಿದ್ದರೆ ಜೊತೆಗೆ ಯಾರಾದರೂ ಬೇಕು, ಅವತ್ತು ಗಾಡಿ ಓಡಿಸಬಾರದು. ಬಯಾಪ್ಸಿ ಆಗಿದ್ದರೆ ಒಂದೆರಡು ಹನಿ ರಕ್ತ ಕಾಣಬಹುದು. ರಕ್ತ ತುಂಬಾ ಹೋದರೆ, ಹೊಟ್ಟೆನೋವು ಏರುತ್ತಾ ಹೋದರೆ, ಜ್ವರ ಅಥವಾ ತಲೆಸುತ್ತು ಬಂದರೆ, ರಾತ್ರಿಯಾದರೂ ಆಗಲೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ನಮಸ್ಕಾರ.