ಓಟಕ್ಕೊಂದು ಪವರ್ ಮೀಟರ್ ಬೇಕಾ?

ನಮಸ್ಕಾರ ಕೇಳುಗರೇ. ಬೆಳಗ್ಗೆ ಎದ್ದು ಓಡುವವರ ಬಗ್ಗೆ ಏನಾದರೂ ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ಕೇಳುತ್ತಿರುವವರು ಯಾರು ಅಂತ ನನಗೆ ಹೆಚ್ಚುಕಡಿಮೆ ಗೊತ್ತು. ದಾವಣಗೆರೆಯಲ್ಲಿ ಕುಂದುವಾಡ ಕೆರೆ ಸುತ್ತ ಓಡಿ ಮನೆಗೆ ಬಂದವರು, ಇಲ್ಲಿ ಚಿತ್ರದುರ್ಗದ ಓಬವ್ವ ಕ್ರೀಡಾಂಗಣದಲ್ಲಿ ಪೊಲೀಸ್ ಕೆಲಸದ 1600 ಮೀಟರ್ ಓಟಕ್ಕೆ ತಯಾರಾಗುತ್ತಿರುವ ಹುಡುಗರು, ನಲವತ್ತು ದಾಟಿದ ಮೇಲೆ ಡಾಕ್ಟರ್ ಹೆದರಿಸಿದ್ದಕ್ಕೆ ಶೂ ಕಟ್ಟಿದವರು, ಮತ್ತೆ ಬೆಂಗಳೂರಿನಲ್ಲಿ ಒಂದು ಹಾಫ್ ಮ್ಯಾರಥಾನ್ ಓಡಿ ಬಂದು ಮೆಡಲ್ ಫೋಟೋವನ್ನು ಮೂರು ದಿನ ಸ್ಟೇಟಸ್‌ನಲ್ಲಿ ಇಟ್ಟವರು. ಈ ಕೊನೆಯವರೇ ನನ್ನನ್ನು ಜಾಸ್ತಿ ಕೇಳುವುದು. ಸಾರ್, ಓಟಕ್ಕೆ ಪವರ್ ಮೀಟರ್ ಅಂತ ಬಂದಿದೆಯಂತೆ, ತಗೊಳ್ಳಲಾ?

ನನ್ನ ಉತ್ತರ ಒಂದು ಪ್ರಶ್ನೆ. ಆ ನಂಬರ್ ನೋಡಿ ನಾಳೆ ಬೆಳಗ್ಗೆ ನಿಮ್ಮ ಓಟದಲ್ಲಿ ಏನು ಬದಲಾಯಿಸುತ್ತೀರಿ? ಇದಕ್ಕೆ ಉತ್ತರ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಇವತ್ತು ಇದನ್ನು ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಪವರ್ ಅಂದರೆ ಏನು? ಸೆಕೆಂಡಿಗೆ ಎಷ್ಟು ಕೆಲಸ ಅನ್ನುವ ಲೆಕ್ಕ. ತೋಟದ ಬೋರ್‌ವೆಲ್‌ಗೆ 5 ಎಚ್‌ಪಿ ಮೋಟಾರ್ ಇಳಿಸಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅರವತ್ತು ಕಿಲೋ ತೂಕದ ಮನುಷ್ಯ ಗಂಟೆಗೆ 10 ಕಿಲೋಮೀಟರ್ ಲೆಕ್ಕದಲ್ಲಿ ಸಮತಟ್ಟು ರಸ್ತೆಯಲ್ಲಿ ಓಡಿದರೆ ಈ ಮೀಟರ್ ಸುಮಾರು 170 ವ್ಯಾಟ್ ತೋರಿಸಬಹುದು. ಅಂದರೆ ಕಾಲು ಎಚ್‌ಪಿಗೂ ಸ್ವಲ್ಪ ಕಡಿಮೆ. ನಮ್ಮ ನಾಲ್ಕು ಜನರನ್ನು ಸೇರಿಸಿದರೂ ಒಂದು ಎಚ್‌ಪಿ ಮೋಟಾರ್ ಆಗುವುದಿಲ್ಲ, ಆದರೂ ನಮ್ಮ ಜಂಬ ನೋಡಿ.

ಈ ಮೀಟರ್ ನೋಡಲು ಚಿಕ್ಕ ಡಬ್ಬಿಯ ಮುಚ್ಚಳದ ಹಾಗೆ ಇರುತ್ತದೆ. ಶೂ ಲೇಸಿಗೆ ಸಿಕ್ಕಿಸಿಕೊಳ್ಳುವುದು, ಪಾಡ್ ಅನ್ನುತ್ತಾರೆ. ಜಾಸ್ತಿ ಹೆಸರು ಮಾಡಿರುವುದು ಅಮೆರಿಕದ ಸ್ಟ್ರೈಡ್. ಹೆಸರು ಹೇಳಿದೆ ಅಂತ ಇದು ಜಾಹೀರಾತಲ್ಲ, ಹೆಸರು ಹೇಳದಿದ್ದರೆ ನೀವು ಆಮೇಲೆ ಫೋನ್ ಮಾಡಿ ಕೇಳುತ್ತೀರಿ. ಬೆಲೆ 200 ಡಾಲರ್‌ಗೂ ಜಾಸ್ತಿ. ಸುಂಕ ಗಿಂಕ ಸೇರಿ ಕೈಗೆ ಬರುವಾಗ 20 ಸಾವಿರಕ್ಕೆ ಕಡಿಮೆ ಇರುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಕೇಳಬೇಕು. ಸೈಕಲ್ಲಿಗೂ ಪವರ್ ಮೀಟರ್ ಇದೆ, ಅದು ಹಳೆಯದು, ಜರ್ಮನಿಯಲ್ಲಿ 1986ರಲ್ಲೇ ಶುರುವಾದ ಎಸ್‌ಆರ್‌ಎಂ ಕಂಪನಿಯಿಂದ ಹೆಸರಾಯಿತು. ಪೆಡಲ್ ತುಳಿದಾಗ ಅಲ್ಲಿನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದನ್ನೇ ಅಳೆದು ವ್ಯಾಟ್ ಹೇಳುತ್ತದೆ. ಅದು ಅಳತೆ. ಓಟದ ಮೀಟರ್ ಹಾಗಲ್ಲ. ಕಾಲು ಹೇಗೆ ಅಲ್ಲಾಡಿತು, ಎಷ್ಟು ಬೇಗ ಮುಂದೆ ಹೋಯಿತು, ರಸ್ತೆ ಎಷ್ಟು ಏರಿತು, ಇದಕ್ಕೆಲ್ಲ ನೀವು ಕೊಟ್ಟ ತೂಕ ಸೇರಿಸಿ ಲೆಕ್ಕ ಹಾಕುತ್ತದೆ. ಇದು ಅಂದಾಜು.

ಚನ್ನಗಿರಿ, ಭೀಮಸಮುದ್ರದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ತೂಕಕ್ಕೆ ಹಾಕಿದರೆ ಅದು ಸೈಕಲ್ ಮೀಟರ್. ಖೇಣಿ ಮಾಡುವವನು, ಅಂದರೆ ಫಸಲು ಮರದಲ್ಲಿರುವಾಗಲೇ ಅಂದಾಜಿಗೆ ಕೊಳ್ಳುವವನು, ತೋಟದಲ್ಲಿ ಒಂದು ಸುತ್ತು ಹಾಕಿ, ಕತ್ತು ಎತ್ತಿ ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಅನ್ನುತ್ತಾನಲ್ಲ, ಅದು ಓಟದ ಮೀಟರ್. ಒಳ್ಳೆಯ ಖೇಣಿದಾರನ ಲೆಕ್ಕ ಸುಳ್ಳಾಗುವುದು ಕಡಿಮೆ. ಆದರೆ 800 ಮರ ಇರುವ ತೋಟವನ್ನು ಸಾವಿರ ಮರ ಅಂತ ನೀವೇ ಹೇಳಿದರೆ ಅವನೇನು ಮಾಡಬೇಕು?

ಈ ಮರದ ಲೆಕ್ಕ ತಪ್ಪಿಸಿದವನು ನಾನೇ. ಅದನ್ನು ಹೇಳಿಬಿಡುತ್ತೇನೆ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಓಟದ ಹುಚ್ಚು, ಅದಕ್ಕಿಂತ ಜಾಸ್ತಿ ಓಟದ ಸಾಮಾನಿನ ಹುಚ್ಚು. ಒಂದು ಯುಗಾದಿಗೆ ಬಂದವನು, ಮಾಮ, ನೀವು ಮೂವತ್ತು ವರ್ಷದಿಂದ ಸ್ಟಾಪ್‌ವಾಚ್ ಹಿಡ್ಕೊಂಡೇ ಹುಡುಗರನ್ನ ಓಡಿಸ್ತಿದ್ದೀರಾ, ಇದನ್ನೊಂದು ತಿಂಗಳು ಇಟ್ಕೊಂಡು ನೋಡಿ ಅಂತ ಪಾಡ್ ಕೊಟ್ಟ, ಜೊತೆಗೆ ಅವನ ಹಳೇ ವಾಚನ್ನೂ ಕೊಟ್ಟ, ನನ್ನ ಫೋನಿಗೆ ಆ್ಯಪ್ ಹಾಕಿ ಅವನದೇ ಹೆಸರಲ್ಲಿ ತೆರೆದು, ಒಬ್ಬಟ್ಟು ಕಟ್ಟಿಸಿಕೊಂಡು ಹೊರಟ. ನಾನು ಮಾರನೇ ದಿನ ಜೋಗಿಮಟ್ಟಿ ರಸ್ತೆಗೆ ಹೋದೆ.

ಅಲ್ಲಿ ಓಡಿದವರಿಗೆ ಗೊತ್ತು, ಆ ಏರು ಸುಮ್ನೆ ಬಿಡುವುದಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಕೆಳಗೆ ನಮ್ಮ ದಮ್ಮು ಕಟ್ಟುತ್ತಿರುತ್ತದೆ. ಅರ್ಧ ಏರಿದ ಮೇಲೆ ವಾಚ್ ನೋಡಿದರೆ 285 ವ್ಯಾಟ್! ನಂಬಲಿಲ್ಲ. ಇನ್ನೊಂದು ತಿರುವು ದಾಟಿ ನೋಡಿದೆ, 280. ಮನೆಗೆ ಬಂದವನೇ ಹುಡುಗನಿಗೆ ಫೋನ್ ಮಾಡಿದೆ. ಏನಪ್ಪಾ, ಇಂಥ ಏರಿಗೆ ನಿನಗೆ ಎಷ್ಟು ಬರುತ್ತೆ? ಅಷ್ಟೇ ಮಾಮ, 280, 290. ಅವನಿಗೆ 32 ವರ್ಷ, ನನಗೆ 58.

ಆ ವಾರ ನಾನು ನೆಲದ ಮೇಲೆ ಇರಲಿಲ್ಲ. ಕ್ರೀಡಾಂಗಣದಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಮಿರ್ಚಿ ಮಂಡಕ್ಕಿ ಅಂಗಡಿಯವನಿಗೂ ಹೇಳಿದೆ, ಅವನಿಗೆ ವ್ಯಾಟ್ ಅಂದರೆ ಬಲ್ಬಿನದು, 285 ವ್ಯಾಟ್ ಅಂದರೆ ಬಿಲ್ ಜಾಸ್ತಿ ಬರುತ್ತೆ ಸಾರ್ ಅಂದ. ಮನೆಯಲ್ಲಿ ನನ್ನ ಹೆಂಡತಿ ಎರಡು ದಿನ ಕೇಳಿ, ಮೂರನೇ ದಿನ ಅಷ್ಟು ಪವರ್ ಇದ್ರೆ ಮೇಲಿನ ಟ್ಯಾಂಕಿಗೆ ನೀರು ಹೊತ್ತು ಹಾಕಿ ಅಂದಳು.

ಕೊನೆಗೆ ಗುಟ್ಟು ಬಯಲು ಮಾಡಿದ್ದು ಪೊಲೀಸ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದ ಒಬ್ಬ ಹುಡುಗಿ. ಹೊಸದುರ್ಗದ ಕಡೆಯವಳು, ಮಾತು ಕಡಿಮೆ. ನಾನು ಪಾಡ್ ತೋರಿಸಿ ಇದು ಹೇಗೆ ಲೆಕ್ಕ ಹಾಕುತ್ತೆ ಅಂತ ಭಾಷಣ ಮಾಡುತ್ತಿದ್ದೆ, ಈಗ ಮಾಡುತ್ತಿರುವ ಹಾಗೇ. ಎಲ್ಲ ಮುಗಿದ ಮೇಲೆ ಅವಳು ಕೇಳಿದಳು. ಸಾರ್, ಅದಕ್ಕೆ ನಿಮ್ಮ ತೂಕ ಹೆಂಗ್ ಗೊತ್ತು?

ನನ್ನ ಬಾಯಿ ಮುಚ್ಚಿತು. ಮರೆಯಲ್ಲಿ ನಿಂತು ಆ್ಯಪ್ ತೆಗೆದು ನೋಡಿದೆ. ತೂಕ 82 ಕಿಲೋ! ಅದು ಹುಡುಗನ ತೂಕ. ನಾನು 61. ಅಂದರೆ ನನ್ನ ಸಣಕಲು ಕಾಲಿಗೆ ಕಟ್ಟಿದ ಪಾಡ್, 82 ಕಿಲೋ ಮನುಷ್ಯ ಜೋಗಿಮಟ್ಟಿ ಹತ್ತುತ್ತಿದ್ದಾನೆ ಅಂತಲೇ ವಾರವಿಡೀ ಲೆಕ್ಕ ಹಾಕುತ್ತಿತ್ತು. ತೂಕ ಸರಿ ಮಾಡಿ ಮತ್ತೆ ಅದೇ ಏರು, ಅದೇ ವೇಗದಲ್ಲಿ ಹತ್ತಿದೆ. 212. ರಾತ್ರಿ ಕಳೆದು ಬೆಳಗಾಗುವುದರಲ್ಲಿ 70 ವ್ಯಾಟ್ ಹೋಯಿತು, ದಮ್ಮು ಮಾತ್ರ ಹಿಂದಿನ ದಿನ ಎಷ್ಟು ಕಟ್ಟಿತ್ತೋ ಅಷ್ಟೇ ಕಟ್ಟಿತು.

ನಗಬೇಡಿ, ಇನ್ನೂ ಇದೆ. ಅವತ್ತಿನಿಂದ ನಾನು ಆ ನಂಬರಿಗೆ ಜಂಬ ಪಡುವುದು ಬಿಟ್ಟು, ಅದನ್ನು ಸುಮ್ನೆ ನೋಡುವುದಕ್ಕೆ ಶುರು ಮಾಡಿದೆ. ಆಗ ಒಂದು ಕಂಡಿತು. ಮೊದಲ ಏರಿನಲ್ಲಿ ನಾನು 240 ದಾಟುತ್ತಿದ್ದೆ, ಕೊನೆಯ ಏರಿಗೆ ಬರುವಾಗ 170ಕ್ಕೆ ಇಳಿದು ನಡೆಯುತ್ತಿದ್ದೆ. ಮೂವತ್ತು ವರ್ಷದಿಂದ ಹುಡುಗರಿಗೆ ಶುರುವಿನಲ್ಲಿ ಹಿಡಿದು ಓಡಿ ಅಂತ ಬಯ್ಯುವವನು ನಾನೇ! ಏರಿನಲ್ಲಿ ಕಿಲೋಮೀಟರಿಗೆ ಇಷ್ಟು ನಿಮಿಷ ಅನ್ನುವ ಲೆಕ್ಕ ನಡೆಯುವುದಿಲ್ಲ, ಎದೆಬಡಿತ ಏರುವುದಕ್ಕೆ ಒಂದೆರಡು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಕೆಟ್ಟ ಕೆಲಸ ಮುಗಿದಿರುತ್ತದೆ. ಈ ನಂಬರ್ ಮಾತ್ರ ನಾಲ್ಕು ಹೆಜ್ಜೆಗೇ ಹೇಳುತ್ತದೆ. ಹಾಗಾಗಿ 205, 210 ದಾಟಬಾರದು ಅಂತ ಕಟ್ಟು ಹಾಕಿಕೊಂಡು ಹತ್ತಿದೆ. ಮೊದಲ ಅರ್ಧ ನಾಚಿಕೆ ಆಗುವಷ್ಟು ನಿಧಾನ, ವಾಕಿಂಗ್ ಮಾಡುವ ಅಜ್ಜ ಒಬ್ಬರು ನನ್ನನ್ನು ದಾಟುವ ಹಾಗೆ ಇದ್ದರು. ಆದರೆ ಮೇಲಿನವರೆಗೂ ನಡೆಯಲಿಲ್ಲ.

ನೋಡಿ, ಇಲ್ಲಿ ನನ್ನ ಪ್ರಶ್ನೆಗೆ ಉತ್ತರ ಇತ್ತು. ಆ ನಂಬರ್ ನೋಡಿ ಮಾರನೇ ಬೆಳಗ್ಗೆ ನಾನು ಒಂದು ಬದಲಾಯಿಸಿದೆ. ಮೊದಲ ವಾರದ 285 ನೋಡಿ ಏನು ಬದಲಾಯಿಸಿದ್ದೆ? ಏನೂ ಇಲ್ಲ, ಮಿರ್ಚಿ ಎರಡು ಜಾಸ್ತಿ ತಿಂದೆ.

ತಿಂಗಳು ಮುಗಿಯುವ ಹೊತ್ತಿಗೆ ಇನ್ನೊಂದಾಯಿತು. ವಾಚ್ ನೋಡುವ ಮೊದಲೇ ಉಸಿರಿನ ಮೇಲೆ ನಂಬರ್ ಹೇಳುವುದಕ್ಕೆ ಬಂತು. ಈಗ 210 ಇರಬೇಕು ಅಂದುಕೊಂಡು ನೋಡಿದರೆ 212, 208. ಹಾಗಾದ ಮೇಲೆ ಅದು ನನಗೇಕೆ? ವಾಪಸ್ ಕೊಟ್ಟೆ. ಅದಕ್ಕೇ ನಾನು ಹೇಳುವುದು, ಯಾರದಾದರೂ ಇದ್ದರೆ ಒಂದು ತಿಂಗಳು ಎರವಲು ಕೇಳಿ. ಸಂಕೋಚ ಬೇಡ. ಇಂಥ ಸಾಮಾನು ಅರ್ಧ ಜನರ ಮನೆಯಲ್ಲಿ ಡ್ರಾಯರ್‌ನಲ್ಲೇ ಬಿದ್ದಿರುತ್ತದೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮೂರು ನಿಮಿಷ ಅಂತೆ. ನಾನು ಬರೆದುಕೊಂಡು ಬಂದಿದ್ದು ಇನ್ನೂ ಎರಡು ಹಾಳೆ ಇದೆ, ಇರಲಿ, ಓಡಿಸುತ್ತೇನೆ.

1600 ಮೀಟರ್ ಹುಡುಗರೇ, ನಿಮಗೆ ಇದು ಬೇಡ. ನಿಮ್ಮದು 400 ಮೀಟರ್ ಟ್ರ್ಯಾಕ್, ನಾಲ್ಕು ಸುತ್ತು, ಏರೂ ಇಲ್ಲ ಇಳಿಜಾರೂ ಇಲ್ಲ. ಆರು ನಿಮಿಷದಲ್ಲಿ ಮುಗಿಸಬೇಕಾದರೆ ಸುತ್ತಿಗೆ 90 ಸೆಕೆಂಡ್. ಸ್ಟಾಪ್‌ವಾಚ್ ಸಾಕು. ಮೊದಲ ಸುತ್ತು 75ಕ್ಕೆ ಓಡಿ ಮೂರನೇ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಲ್ಲುವವನಿಗೆ 20 ಸಾವಿರದ ಪಾಡ್ ಏನು ಹೇಳಬೇಕು? ಆ ದುಡ್ಡಿಗೆ ಎರಡು ಜೊತೆ ಒಳ್ಳೆ ಶೂ ಬರುತ್ತದೆ, ಮಿಕ್ಕಿದ್ದಕ್ಕೆ ತಿಂಗಳುಗಟ್ಟಲೆ ಮೊಟ್ಟೆ, ಹಾಲು, ಶೇಂಗಾ.

ಕುಂದುವಾಡ ಕೆರೆಯವರಿಗೂ ಅಷ್ಟೇ. ಸಮತಟ್ಟು ದಾರಿ. ಪಕ್ಕದವರ ಜೊತೆ ಎರಡು ವಾಕ್ಯ ಮಾತಾಡುತ್ತಾ ಓಡಲಾದರೆ ಅದು ಸರಿಯಾದ ನಿಧಾನದ ಓಟ. ಮಾತು ಬರದಿದ್ದರೆ ಜೋರಾಯಿತು. ಇದಕ್ಕೆ ಚಾರ್ಜ್ ಹಾಕಬೇಕಾಗಿಲ್ಲ.

ವಾಚ್ ಇದ್ದವರು ಮೊದಲು ಕೈಯಲ್ಲಿ ಏನಿದೆ ನೋಡಿಕೊಳ್ಳಿ. ಪೋಲಾರ್ ಕಂಪನಿ 2018ರಿಂದ ಕೆಲವು ವಾಚ್‌ಗಳಲ್ಲಿ ಪಾಡ್ ಇಲ್ಲದೆ ಕೈಯಿಂದಲೇ ಪವರ್ ತೋರಿಸುತ್ತಿದೆ. 2022ರಲ್ಲಿ ಗಾರ್ಮಿನ್‌ನ ಫೋರ್‌ರನ್ನರ್ 255, 955ರಲ್ಲೂ, ಆ್ಯಪಲ್ ವಾಚ್‌ನಲ್ಲೂ ಬಂತು. ಇದ್ದದ್ದನ್ನೇ ಮತ್ತೆ ದುಡ್ಡು ಕೊಟ್ಟು ತರಬೇಡಿ. ಒಂದು ಕಂಪನಿಯ ವ್ಯಾಟನ್ನು ಇನ್ನೊಂದು ಕಂಪನಿಯ ವ್ಯಾಟಿಗೆ ಹೋಲಿಸಲೂ ಬೇಡಿ, ಪ್ರತಿ ಖೇಣಿದಾರನ ಕಣ್ಣು ಬೇರೆ. ನಿಮ್ಮ ಇವತ್ತಿನದನ್ನು ನಿಮ್ಮ ಹೋದ ತಿಂಗಳಿನದಕ್ಕೆ ಮಾತ್ರ ಹೋಲಿಸಿ.

ಆಷಾಢದ ಗಾಳಿ. ನಮ್ಮ ಕಡೆ ಎದುರು ಗಾಳಿಗೆ ಓಡುವುದು ಏರು ಹತ್ತಿದ ಹಾಗೇ. ಸ್ಟ್ರೈಡ್‌ನವರು 2019ರಿಂದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುವ ಪಾಡ್ ತಂದಿದ್ದಾರೆ, ಅದು ಒಳ್ಳೆಯದು. ಆದರೆ ಏಪ್ರಿಲ್ ಬಿಸಿಲನ್ನು ಅದು ವ್ಯಾಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆ ಬಿದ್ದ ಮೇಲೆ ಎರೆಹೊಲದ ದಾರಿಯಲ್ಲಿ ಓಡಿ ನೋಡಿ, ಒಂದೊಂದು ಶೂಗೂ ಒಂದೊಂದು ಮುದ್ದೆ ಮಣ್ಣು ಹತ್ತಿರುತ್ತದೆ, ಅದು ಪಾಡ್‌ಗೆ ಗೊತ್ತೇ ಇಲ್ಲ.

ಇನ್ನು ಯಾರಿಗೆ ಬೇಕು? ಒಂದು ವರ್ಷದಿಂದ ವಾರಕ್ಕೆ ನಾಲ್ಕು ದಿನ ತಪ್ಪದೆ ಓಡುತ್ತಿದ್ದೀರಿ, ಗುಡ್ಡದ ದಾರಿಯ ಹಾಫ್ ಮ್ಯಾರಥಾನೋ ಫುಲ್ಲೋ ಓಡಬೇಕು ಅಂತಿದ್ದೀರಿ, ಏರಿನಲ್ಲಿ ಪ್ರತಿ ಸಲ ಎಡವುತ್ತಿದ್ದೀರಿ. ನಿಮಗೆ ಬೇಕು. ತಂದ ಮೇಲೆ 5 ಕಿಲೋಮೀಟರೋ 10 ಕಿಲೋಮೀಟರೋ ಪೂರ್ತಿ ದಮ್ಮು ಹಾಕಿ ಓಡಿ ಹೆಚ್ಚು ಹೊತ್ತು ಎಳೆಯಬಲ್ಲ ನಿಮ್ಮ ಮಿತಿ ಎಷ್ಟು ವ್ಯಾಟ್ ಅಂತ ಕಂಡುಕೊಳ್ಳಿ, ಕ್ರಿಟಿಕಲ್ ಪವರ್ ಅನ್ನುತ್ತಾರೆ ಅದಕ್ಕೆ, ಅದು ಗೊತ್ತಿಲ್ಲದೆ ಉಳಿದ ನಂಬರ್‌ಗಳಿಂದ ಉಪಯೋಗ ಕಡಿಮೆ. ಉಳಿದವರಿಗೆ ನನ್ನದು ಅದೇ ಹಳೇ ಪ್ರಶ್ನೆ, ನಂಬರ್ ನೋಡಿ ನಾಳೆ ಬೆಳಗ್ಗೆ ಏನು ಬದಲಾಯಿಸುತ್ತೀರಿ?

ಮುಗಿಸಿ ಅನ್ನುತ್ತಿದ್ದಾರೆ. ಅರ್ಧ ನಿಮಿಷ ಕೊಡಿ ಸಾರ್. ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ, ದನಿ ಸಪ್ಪಗಿತ್ತು. ಮಾಮ, ಯಾಕೋ ನನ್ನ ಪವರ್ ಇದ್ದಕ್ಕಿದ್ದಂಗೆ ಬಿದ್ದುಹೋಗಿದೆ, 290 ಬರ್ತಿದ್ದದ್ದು 215 ಬರ್ತಿದೆ, ರಕ್ತ ಪರೀಕ್ಷೆ ಮಾಡಿಸ್ಲಾ ಅಂತ ಕೇಳಿದ. ಪಾಡ್ ವಾಪಸ್ ಕೊಡುವಾಗ ತೂಕವನ್ನು 82ಕ್ಕೆ ತಿರುಗಿಸುವುದು ನಾನು ಮರೆತಿದ್ದೆ. ಇನ್ನೂ ಅವನಿಗೆ ಹೇಳಿಲ್ಲ. ಬೆಂಗಳೂರಿಗೆ ಈ ಕಾರ್ಯಕ್ರಮ ಕೇಳಿಸುವುದಿಲ್ಲ ಅಂದುಕೊಂಡಿದ್ದೇನೆ. ನಮಸ್ಕಾರ.