ಬೈಪಾಸ್ ಆದ ಮೇಲೆ ಉಸಿರು ಯಾಕೆ ಸಾಲದು?

ಕೇಳುಗರಿಗೆ ನಮಸ್ಕಾರ.

ಆಪರೇಷನ್ ಆಗಿರುವುದು ಹೃದಯಕ್ಕೆ. ಆದರೆ ಐಸಿಯುನಿಂದ ವಾರ್ಡಿಗೆ ಬಂದ ರೋಗಿ ಮೊದಲು ಹೇಳುವುದು ಉಸಿರಿನ ಮಾತು: "ಪೂರ್ತಿ ಉಸಿರು ಎಳೆಯೋಕೇ ಆಗ್ತಿಲ್ಲ." ಹೃದಯ ಮತ್ತೆ ಕೈಕೊಟ್ಟಿತೇನೋ ಎಂದು ಮನೆಯವರಿಗೆ ಗಾಬರಿ. ಬಹಳಷ್ಟು ಸಲ ತೊಂದರೆ ಇರುವುದು ಶ್ವಾಸಕೋಶದ ತಳದಲ್ಲಿ.

ಅರಿವಳಿಕೆ ಕೊಟ್ಟಾಗ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಮೇಲಕ್ಕೆ ಸರಿದು ಶ್ವಾಸಕೋಶದ ತಳವನ್ನು ಒತ್ತುತ್ತದೆ. ಆಪರೇಷನ್ ವೇಳೆ ಹೃದಯ-ಶ್ವಾಸಕೋಶಗಳ ಬದಲು ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ ನಡೆಯುವಷ್ಟು ಹೊತ್ತು ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಕೆಲಸವೇ ಇರುವುದಿಲ್ಲ. ತಳದ ಸಣ್ಣ ಗಾಳಿಚೀಲಗಳು ಗಾಳಿ ಹೋದ ಬಲೂನಿನಂತೆ ಮುದುಡಿ ಅಂಟಿಕೊಳ್ಳುತ್ತವೆ. ಎಡಗಡೆಗೆ ಪೆಟ್ಟು ಹೆಚ್ಚು. ಹೃದಯದ ಭಾರ ಬೀಳುವುದು ಅಲ್ಲೇ. ಬೈಪಾಸಿಗೆ ಎದೆಗೋಡೆಯ ಒಳಗಿನ ರಕ್ತನಾಳವನ್ನು ಬಿಡಿಸಿಕೊಳ್ಳುವುದೂ ಹೆಚ್ಚಾಗಿ ಎಡಗಡೆಯಿಂದಲೇ. ಎಚ್ಚರವಾದ ಮೇಲೆ ಕೊಯ್ದ ಎದೆಮೂಳೆ ನೋಯುತ್ತದೆ. ನೋವಿಗೆ ಹೆದರಿ ರೋಗಿ ಮೇಲುಮೇಲೆ ಉಸಿರಾಡುತ್ತಾನೆ, ಕೆಮ್ಮನ್ನು ನುಂಗಿಕೊಳ್ಳುತ್ತಾನೆ. ಮೊದಲ ದಿನಗಳಲ್ಲಿ ಉಸಿರಿನ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದುಂಟು. ಮೊದಲಿನ ಮಟ್ಟಕ್ಕೆ ಬರಲು ಕೆಲವು ವಾರಗಳಿಂದ ತಿಂಗಳುಗಳೇ ಬೇಕು.

ಮುದುಡಿದ್ದನ್ನು ಬಿಡಿಸುವುದಕ್ಕೇ ಆಸ್ಪತ್ರೆಯಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್ ಎಂಬ ಉಸಿರಿನ ವ್ಯಾಯಾಮದ ಸಾಧನ ಕೊಡುವುದು. ಎಷ್ಟೋ ಜನ ಇದನ್ನು ಊದುತ್ತಾರೆ. ಇದು ಊದುವುದಕ್ಕಲ್ಲ, ಎಳೆಯುವುದಕ್ಕೆ. ನೆಟ್ಟಗೆ ಕುಳಿತುಕೊಳ್ಳಿ. ಮೊದಲು ಉಸಿರನ್ನು ಹೊರಗೆ ಬಿಡಿ. ಕೊಳವೆಯನ್ನು ತುಟಿಯಿಂದ ಬಿಗಿಹಿಡಿದು ನಿಧಾನವಾಗಿ ಎಳೆಯಿರಿ. ಚೆಂಡುಗಳ ಪಕ್ಕದಲ್ಲಿರುವ 600, 900, 1200 ಎಂಬ ಅಂಕಿಗಳು ಸೆಕೆಂಡಿಗೆ ಇಷ್ಟು ಮಿಲಿಲೀಟರ್ ಗಾಳಿ ಎಂಬ ವೇಗವನ್ನು ಹೇಳುತ್ತವೆ, ಎಷ್ಟು ಗಾಳಿ ಒಳಗೆ ಹೋಯಿತು ಎಂಬುದನ್ನಲ್ಲ. ಹಾಗಾಗಿ ಮೂರನ್ನೂ ಚಟಕ್ಕನೆ ಹಾರಿಸಿ ಬೀಳಿಸುವುದರಿಂದ ಲಾಭ ಕಡಿಮೆ. ಒಂದೇ ಚೆಂಡು ಎದ್ದರೂ ಸರಿ, ಅದನ್ನು ಮೂರು ಸೆಕೆಂಡು ಮೇಲೆ ನಿಲ್ಲಿಸಿ. ಆ ಹೊತ್ತಿನಲ್ಲೇ ಗಾಳಿ ತಳಕ್ಕೆ ಇಳಿಯುವುದು. ಎಚ್ಚರವಿರುವಾಗ ಗಂಟೆಗೆ ಸುಮಾರು ಹತ್ತು ಸಲ ಮಾಡಬೇಕು, ನಡುನಡುವೆ ವಿಶ್ರಾಂತಿ ಇರಲಿ. ಬಿಡುವಿಲ್ಲದೆ ಎಳೆದರೆ ತಲೆ ಸುತ್ತುತ್ತದೆ.

ಆಮೇಲೆ ಕೆಮ್ಮಬೇಕು. ದಿಂಬನ್ನೋ ಮಡಿಸಿದ ಟವೆಲನ್ನೋ ಎದೆಗೆ ಅಪ್ಪಿ ಒತ್ತಿಹಿಡಿದರೆ ಮೂಳೆ ಅಲುಗುವುದು ಕಡಿಮೆ, ನೋವೂ ಕಡಿಮೆ. ಕೆಮ್ಮಲಾಗದವರು ಬಾಯಿ ತೆರೆದು, ಕನ್ನಡಿಗೆ ಆವಿ ಹಿಡಿಸುವ ಹಾಗೆ "ಹಾ" ಎಂದು ಜೋರಾಗಿ ಉಸಿರು ಬಿಟ್ಟರೂ ಕಫ ಮೇಲೇರುತ್ತದೆ. ನೋವಿನ ಮಾತ್ರೆ ತಪ್ಪಿಸಿ ಗಟ್ಟಿತನ ತೋರಿಸುವವರಿದ್ದಾರೆ. ಆ ಗಟ್ಟಿತನಕ್ಕೆ ಕಫ ಕಟ್ಟಿ ನ್ಯುಮೋನಿಯಾ ಬಂದೀತು. ಮಾತ್ರೆ ತೆಗೆದುಕೊಂಡು, ನೋವು ಇಳಿದ ಹೊತ್ತಿನಲ್ಲಿ ಅಭ್ಯಾಸ ಮಾಡುವುದೇ ಜಾಣತನ. ಡಾಕ್ಟರು ಒಪ್ಪಿದೊಡನೆ ಕುರ್ಚಿಯಲ್ಲಿ ಕೂರುವುದು, ನಡೆಯುವುದು ಶುರುವಾಗಲಿ. ಇವುಗಳಿಲ್ಲದೆ ಬರೀ ಚೆಂಡು ಎತ್ತಿದರೆ ಸಾಲದು.

ಎಲ್ಲ ಏದುಸಿರೂ ಇದರಿಂದ ಹೋಗುವುದಿಲ್ಲ. ವಪೆಯನ್ನು ಆಡಿಸುವ ನರ ಹೃದಯದ ಪಕ್ಕದಲ್ಲೇ ಇಳಿಯುತ್ತದೆ. ಹೃದಯವನ್ನು ತಂಪಾಗಿಸಲು ಸುತ್ತ ಹಾಕುವ ಮಂಜುಗಡ್ಡೆಯಿಂದಲೋ ರಕ್ತನಾಳ ಬಿಡಿಸುವಾಗಲೋ ಅದಕ್ಕೆ ಪೆಟ್ಟಾದರೆ ಆ ಬದಿಯ ವಪೆ ಸುಮ್ಮನಾಗುತ್ತದೆ. ಎಕ್ಸ್-ರೇಯಲ್ಲಿ ಅದು ಎತ್ತರದಲ್ಲಿ ಕಾಣುತ್ತದೆ. ಅಲುಗುತ್ತಿದೆಯೇ ಎಂಬುದನ್ನು ಅಲ್ಟ್ರಾಸೌಂಡಿನಲ್ಲಿ ನೋಡಬಹುದು. ಹೆಚ್ಚಿನವರಲ್ಲಿ ನರ ಚೇತರಿಸಿಕೊಳ್ಳುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಶ್ವಾಸಕೋಶದ ಸುತ್ತ, ಅದೂ ಎಡಗಡೆ, ಸ್ವಲ್ಪ ನೀರು ಸೇರುವುದು ತೀರಾ ಸಾಮಾನ್ಯ, ತಾನಾಗಿಯೇ ಇಂಗುತ್ತದೆ. ನೀರು ಜಾಸ್ತಿಯಾಗಿ ಏದುಸಿರು ತಂದರೆ ಮಾತ್ರ ಸೂಜಿ ಹಾಕಿ ತೆಗೆಯುತ್ತಾರೆ.

ಮನೆಗೆ ಹೋದ ಮೇಲೆ ದಿನದಿಂದ ದಿನಕ್ಕೆ ಉಸಿರು ಹಗುರಾಗುತ್ತಿರಬೇಕು. ಚಪ್ಪಟೆ ಮಲಗಿದರೆ ಉಸಿರು ಕಟ್ಟುವುದು, ಎರಡು-ಮೂರು ದಿನದಲ್ಲಿ ತೂಕ ಏರುವುದು, ಜ್ವರದೊಂದಿಗೆ ಹಳದಿ-ಹಸಿರು ಕಫ, ಗಾಯ ಒಸರುವುದು, ಕೆಮ್ಮಿದಾಗ ಎದೆಮೂಳೆ ಕಟಕಟ ಎನ್ನುವುದು: ಇವುಗಳಲ್ಲಿ ಯಾವುದೇ ಕಂಡರೂ ಆ ದಿನವೇ ಡಾಕ್ಟರಿಗೆ ತಿಳಿಸಿ. ಇದ್ದಕ್ಕಿದ್ದ ಹಾಗೆ ಏದುಸಿರು, ಉಸಿರೆಳೆದರೆ ಎದೆಯಲ್ಲಿ ಚುಚ್ಚು, ಒಂದೇ ಕಾಲಿನ ಮೀನಖಂಡದಲ್ಲಿ ನೋವು-ಬಾವು: ಇವುಗಳಲ್ಲಿ ಯಾವುದೇ ಇದ್ದರೂ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ನೇರ ತುರ್ತು ವಿಭಾಗಕ್ಕೇ ಹೋಗಬೇಕು.

ಆಪರೇಷನ್ ದಿನಾಂಕ ಇನ್ನೂ ದೂರವಿದ್ದರೆ ಬೀಡಿ-ಸಿಗರೇಟನ್ನು ಇವತ್ತೇ ಬಿಡಿ. ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಎಂಟು ವಾರ ಮುಂಚೆ. ಚೆಂಡಿನ ಸ್ಪೈರೋಮೀಟರನ್ನೂ ಆಗಲೇ ಕೇಳಿ ಪಡೆದು, ಎದೆ ನೋಯದ ದಿನಗಳಲ್ಲೇ ಕಲಿತುಕೊಳ್ಳಿ.

ನಮಸ್ಕಾರ.